ಖೀಮಾಕ್ಕೆ ಎಸರು ಸುರಿದ ಸೊಸೆ

ಗಡಿಗೆಯ ಮುಚ್ಚಳ ತೆಗೆದೆ. ಒಳಗೆ ಒಂದೇ ಒಂದು ಉಂಡೆಯೂ ಇರಲಿಲ್ಲ...

ಬೆಳಿಗ್ಗೆ ನಾನೇ ಕೈಯಾರೆ ಕಟ್ಟಿ ಇಟ್ಟಿದ್ದ ಅಕ್ಕಿ ಹಾಕಿದ ಖೀಮಾ ಉಂಡೆಗಳು. ಈಗ ನೋಡಿದರೆ ಅಕ್ಕಿ, ಖೀಮಾ, ಉಳ್ಳಾಗಡ್ಡಿ ಎಲ್ಲ ಕಲೆತು ಗಂಜಿಯಾಗಿದೆ.

ಹೊರಗೆ ಪಡಸಾಲೆಯಲ್ಲಿ ನರಗುಂದದ ದೊಡ್ಡತ್ತೆ ಕೈ ತೊಳೆದುಕೊಂಡು ಊಟಕ್ಕೆ ಕೂತಿದ್ದಾರೆ.

ಇದು ಐವತ್ತರ ದಶಕದ ಮಾತು. ನನಗಾಗ ಹದಿನೇಳು. ಯಾವಗಲ್‌ನಿಂದ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ದೊಡ್ಡತ್ತೆ ಅಂದರೆ ನನ್ನ ಮಾವನ ಅಕ್ಕ. ಅವರ ಮಾತು ಮೀರುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನ್ನ ಗಂಡನಿಗೆ ತಮ್ಮ ಮೊಮ್ಮಗಳನ್ನೇ ತರಬೇಕು ಅಂತ ಅವರಿಗೆ ಆಸೆಯಿತ್ತಂತೆ. ಹೊಸ ಸೊಸೆಯ ಕೈರುಚಿ ನೋಡುತ್ತೇನೆ ಅಂತ ಬಸ್ಸು ಹತ್ತಿ ಬಂದಿದ್ದರು.

ಇದಕ್ಕೆಲ್ಲ ಮೂಲ ನನ್ನ ಅವ್ವ. ನನ್ನನ್ನು ನೋಡಲು ಬಂದಾಗ, "ನಮ್ಮ ಹುಡುಗಿ ಖೀಮಾ ಉಂಡಿ ಭಾಳ ಚಲೋ ಮಾಡತಾಳ್ರಿ" ಅಂದುಬಿಟ್ಟಿದ್ದಳು. ಖರೇ ಹೇಳಬೇಕೆಂದರೆ ನನಗೆ ಬರುತ್ತಿದ್ದುದು ರೊಟ್ಟಿ ಬಡಿಯುವುದು ಒಂದೇ. ನಮ್ಮ ಮನೆಯಲ್ಲಿ ಮಾಂಸ ಕಾಣುತ್ತಿದ್ದುದೇ ಹಬ್ಬಕ್ಕೆ.

ಆಗ ಅಡುಗೆ ಬಾರದ ಸೊಸೆಯನ್ನು "ಕಲತು ಬರ್ಲಿ" ಅಂತ ತವರಿಗೆ ಕಳಿಸುತ್ತಿದ್ದರು. ನಮ್ಮ ಓಣಿಯಲ್ಲೇ ಒಬ್ಬಳು ಹಾಗೆ ಹೋಗಿ ಮೂರು ತಿಂಗಳು ಕೂತಿದ್ದಳು. ನಾನು ಹಾಗೆ ಗಂಟು ಕಟ್ಟಿಕೊಂಡು ಯಾವಗಲ್‌ನಲ್ಲಿ ಬಸ್ಸು ಇಳಿದರೆ ಅವ್ವ ಊರಲ್ಲಿ ಮುಖ ಹೇಗೆ ತೋರಿಸಬೇಕು?

ಮಾಡುವ ರೀತಿಯನ್ನೇನೋ ಕೇಳಿ ತಿಳಿದುಕೊಂಡಿದ್ದೆ. ಹಸಿ ಅಕ್ಕಿಯನ್ನೇ ಖೀಮಾದಲ್ಲಿ ಕಲಸಿ ಉಂಡೆ ಕಟ್ಟಬೇಕು. ಗಡಿಗೆಯಲ್ಲಿಟ್ಟು ಕುಳ್ಳಿನ, ಅಂದರೆ ಬೆರಣಿಯ, ಕೆಂಡದ ಮೇಲೆ ಸಾವಕಾಶ ಬೇಯಿಸಿದರೆ ಅಕ್ಕಿ ಉಂಡೆಯೊಳಗೇ ಅರಳುತ್ತದೆ.

ಆದರೆ ನನ್ನ ಉಂಡೆಗಳು ನಿಲ್ಲಲೇ ಒಲ್ಲವು. ಕಟ್ಟಿದಂತೆಲ್ಲ ಬಿರುಕು.

ಜೋಳದ ಹಿಟ್ಟೂ ಹೀಗೆಯೇ, ಅದಕ್ಕೆ ಜಿಗುಟಿಲ್ಲ. ಕುದಿಯುವ ನೀರು, ಅಂದರೆ ಎಸರು, ಹಾಕಿ ನಾದಿದರೆ ಮಾತ್ರ ಅದು ಒಂದಾಗುತ್ತದೆ. ಚಿಕ್ಕಂದಿನಿಂದ ನನ್ನ ಕೈಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಖೀಮಾಕ್ಕೂ ಎಸರು ಸುರಿದೆ!

ಖೀಮಾ ಅಲ್ಲೇ ಅರ್ಧ ಬೆಂದು ಪುಡಿಪುಡಿ. ಆದರೂ ಬಿಡಲಿಲ್ಲ, ಮುಷ್ಟಿಯಲ್ಲಿ ಹಿಚುಕಿ ಹಿಚುಕಿ ಉಂಡೆಯ ಆಕಾರಕ್ಕೆ ತಂದು ಗಡಿಗೆಯಲ್ಲಿ ಇಳಿಸಿದೆ. ಎರಡು ತಾಸಿನ ಮೇಲೆ ಕಂಡದ್ದನ್ನು ಮೊದಲೇ ಹೇಳಿದೆನಲ್ಲ...

ಮುಚ್ಚಳ ಕೈಯಲ್ಲಿ ಹಿಡಿದು ಅಳುತ್ತಾ ನಿಂತಿದ್ದೆ. ನನ್ನ ಅತ್ತೆ, ಗಂಡನ ತಾಯಿ, ಒಳಗೆ ಬಂದರು. ಗಡಿಗೆ ನೋಡಿದರು, ನನ್ನ ಮುಖ ನೋಡಿದರು. ಸೌಟು ತೆಗೆದುಕೊಂಡು, ಅಲ್ಲಿ ಇಲ್ಲಿ ಉಳಿದಿದ್ದ ಗಂಟುಗಳನ್ನೂ ಒಡೆದು, ಮೇಲೆ ತುಪ್ಪ ಹಾಕಿ, ತಾವೇ ಬಡಿಸಲು ಒಯ್ದರು.

"ಅಕ್ಕಾರ, ನಿಮಗ ಹಲ್ಲಿಲ್ಲಲ್ರಿ, ಅದಕ್ಕ ಉಂಡಿ ಒಡದ ಮೆತ್ತಗ ಬೇಯಸು ಅಂತ ನಾನ ಹೇಳೇನಿ. ಹುಡುಗಿ ಒಲ್ಲೆ ಒಲ್ಲೆ ಅಂತಿದ್ಲು."

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅತ್ತೆ ನನ್ನ ಪರವಾಗಿ ಸುಳ್ಳು ಹೇಳುತ್ತಾರೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ದೊಡ್ಡತ್ತೆ ಒಂದು ತುತ್ತು ಬಾಯಿಗಿಟ್ಟರು. ಆಮೇಲೆ ಎರಡನೇ ಸಲ ಹಾಕಿಸಿಕೊಂಡರು. ಮೂರನೇ ಸಲಕ್ಕೆ ಬಟ್ಟಲನ್ನು ತಾವೇ ಮುಂದೆ ಸರಿಸಿದರು.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟವರು ನನ್ನನ್ನು ಹಿತ್ತಲಿಗೆ ಕರೆದರು. ಮೆಲ್ಲಗೆ ಕೇಳಿದರು: "ಖೀಮಾಕ್ಕ ಎಸರ ಹಾಕಿದ್ದಿ, ಹೌದಿಲ್ಲೊ?"

ನಾನು ತಲೆ ತಗ್ಗಿಸಿದೆ.

"ನನಗ ಹಲ್ಲಿಲ್ಲ ಖರೇ, ಕಣ್ಣ ಅದಾವವಾ. ಮದುವ್ಯಾಗಿ ಬಂದ ಹೊಸದಾಗ ನಾನೂ ಹಿಂಗ ಹಾಕಿದ್ನಿ. ನನ್ನ ಪರವಾಗಿ ಯಾರೂ ಮಾತಾಡಲಿಲ್ಲ, ತವರಿಗೆ ಕಳಿಸಿದ್ರು." ನನ್ನ ಕೆನ್ನೆ ತಟ್ಟಿ ಅಂದರು, "ನಿಮ್ಮತ್ತಿ ಭಾಳ ಚಲೋ ಹೆಣ್ಮಗಳು. ಆಕೀನ್ನ ಛಂದಂಗ ನೋಡಕೊ."

ನೋಡಿಕೊಂಡೆ, ಕಡೆಯವರೆಗೂ. ಆಗೆಲ್ಲ ನಮ್ಮಲ್ಲಿ ಥ್ಯಾಂಕ್ಸ್ ಹೇಳುವ ರೂಢಿ ಇರಲಿಲ್ಲ. ಆ ತಿಂಗಳೇ ಅತ್ತೆ ಪಕ್ಕದಲ್ಲಿ ಕೂತು ತಣ್ಣೀರಲ್ಲಿ ಕೈ ಅದ್ದಿಕೊಂಡು ಉಂಡೆ ಕಟ್ಟುವುದನ್ನು ಕಲಿಸಿದರು. ನಡೆದದ್ದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಇವತ್ತಿಗೂ ಅನ್ನದ ಮುಂದೆ ಕೂತಾಗ ಅವರನ್ನು ನೆನೆಯುತ್ತೇನೆ.

ಈಗ ಯಾಕೆ ಇದೆಲ್ಲ ನೆನಪಾಯಿತು ಅಂದರೆ, ಹೋದ ಭಾನುವಾರ ನನ್ನ ಮೊಮ್ಮಗನ ಹೊಸ ಹೆಂಡತಿ ಕರೆಂಟಿನ ಸ್ಲೋ ಕುಕ್ಕರ್ ತಂದಿದ್ದಳು. ಯಾವುದೋ ವಿಡಿಯೋ ನೋಡಿ, ಹಳೇ ಕಾಲದ ರುಚಿ ಅಂತ, ಅದೇ ಅಕ್ಕಿ ಹಾಕಿದ ಖೀಮಾ ಉಂಡೆ ಇಟ್ಟಳು. ಆರು ತಾಸು ಕಾದಿದ್ದಾಯಿತು. ಮನೆಮಂದಿಯೆಲ್ಲ ಸುತ್ತ ಕೂತಿದ್ದೆವು.

ಮುಚ್ಚಳ ತೆಗೆದಳು. ಗಂಜಿ!

ಹುಡುಗಿಯ ಮುಖ ಸಣ್ಣದಾಯಿತು. ನನ್ನ ಮಗ ಏನೋ ಅನ್ನಲು ಬಾಯಿ ತೆಗೆದ. ಅಷ್ಟರಲ್ಲಿ ನಾನು ಹಲ್ಲಿನ ಸೆಟ್ ತೆಗೆದು ಬಟ್ಟಲ ಪಕ್ಕಕ್ಕಿಟ್ಟು, "ನನಗ ಹಲ್ಲಿನ ತ್ರಾಸ ಐತಿ, ಒಡದ ಮೆತ್ತಗ ಮಾಡು ಅಂತ ನಾನ ಹೇಳಿದ್ನಿ" ಅಂದೆ. ಮೂರು ಸಲ ಹಾಕಿಸಿಕೊಂಡೆ.

ನನಗೆ ಟೈಪ್ ಮಾಡಲು ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವಳು ಅವಳೇ. ಈ ಸಾಲಿಗೆ ಬಂದು ಬೆರಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾಳೆ...

ನಿಮ್ಮ ಗಡಿಗೆಯಲ್ಲಿ ಉಂಡೆ ಒಡೆದ ದಿನ, ನಿಮ್ಮ ಪರವಾಗಿ ಸುಳ್ಳು ಹೇಳಿದವರು ಯಾರು?