ಸೊನ್ನೆಗಿಂತ ಕೂದಲಷ್ಟು ಮೇಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚನ್ನಪಟ್ಟಣದ ಗಲ್ಲಿಯೊಂದರಲ್ಲಿ, ಬೈಕ್ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ, ಪೂರ್ವದ ಕಿಟಕಿಗೆ ಮುಖ ಮಾಡಿ ಅಕ್ಬರಿ ಬೇಗಂ ಕೂತಿದ್ದಾರೆ. ನಮಾಜು ಮುಗಿಸಿ ನೇರ ಇಲ್ಲಿಗೇ ಬಂದವರು. ಮುಂದೆ ಹಳೆಯ ಬೈಕೊಂದರ ಸ್ಪೀಡೋಮೀಟರು. ಅದರ ಅಂಚಿನ ರಿಂಗನ್ನು ಸುತ್ತಲೂ ಮೆಲ್ಲಗೆ ಎಬ್ಬಿಸಿ, ಗಾಜನ್ನು ಎತ್ತಿ ಪಕ್ಕಕ್ಕಿಡುತ್ತಾರೆ.

"ಸರಿಯಾಗಿರೋದನ್ನ ಕೆಡಿಸ್ತಾವ್ಳೆ ನೋಡಿ ನಮ್ ಮೇಡಮ್ಮು," ಎನ್ನುತ್ತಾ ಗಂಡ ಸಾಬೀರ್ ಟೀ ಲೋಟ ಇಡುತ್ತಾರೆ. "ಮೊನ್ನೆ ರಿಪೇರಿ, ಇವತ್ತು ಅದನ್ನೇ ಕೆಡಿಸೋದು. ಇಂಥ ಗ್ಯಾರೇಜು ಜಿಲ್ಲೇಲೆ ಇನ್ನೊಂದಿಲ್ಲ!"

"ನೀವೋಗಿ ನಟ್ಟು ಬಿಗೀರಿ. ಈ ಕಡೆ ಉಸಿರು ಬುಟ್ರೆ ಸ್ಪ್ರಿಂಗು ಹಾರೋಯ್ತದೆ."

ಸಾಬೀರ್ ನಗುತ್ತಾ ಹೋಗುತ್ತಾರೆ. ಅವರು ಹೇಳಿದ್ದು ತಮಾಷೆಗಾದರೂ ನಿಜವೇ. ಮೀಟರು ಸರಿಯಾಗಿಯೇ ಇದೆ.

ಹೊರಗಿನ ಬೋರ್ಡಿನ ಮೇಲಿರುವುದು ಸಾಬೀರರ ಹೆಸರು. ರಾಮನಗರ, ಕನಕಪುರ, ಮಾಗಡಿಯ ಮೆಕ್ಯಾನಿಕ್ಕುಗಳು ಒಡೆದ ಮೀಟರುಗಳನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಬರುತ್ತವೆ. ದೊಡ್ಡ ಅಪಘಾತದವಲ್ಲ, ಮರಳಿನಲ್ಲಿ ಜಾರಿದ್ದು, ಹಸು ಅಡ್ಡ ಬಂದದ್ದು, ಸ್ಟ್ಯಾಂಡ್ ಹಾಕದೆ ಬೀಳಿಸಿಕೊಂಡದ್ದು. ಸವಾರನಿಗೆ ಮೊಣಕೈ ತರಚಿರುತ್ತದೆ, ಮೀಟರಿನ ಮುಖ ಚೂರಾಗಿರುತ್ತದೆ. ರಿಪೇರಿಯಾಗಿ ಮರಳಿದಾಗ "ಸಾಬೀರಣ್ಣನ ಕೈಗುಣ" ಎನ್ನುತ್ತಾರೆ. ಆ ಕೈ ಒಳಮನೆಯಲ್ಲಿರುವುದು ಬಹಳ ಮಂದಿಗೆ ಗೊತ್ತಿಲ್ಲ.

ಅಕ್ಬರಿ ಅವರ ತವರಿನಲ್ಲಿ ಅರಗು ಬಳಿದ ಮರದ ಗೊಂಬೆ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಗೊಂಬೆಗಳಿಗೆ ಕಣ್ಣು ಬರೆಯುವುದು ಇವರ ಪಾಲಿನ ಕೆಲಸ. "ಒಂದು ಕಣ್ಣು ಒಸಿ ಮೇಲಕ್ಕೋದ್ರೂ ಗೊಂಬೆ ಸಿಟ್ಟು ಮಾಡ್ಕಂಡಂಗೆ ಕಾಣ್ತದೆ. ನಮ್ಮಪ್ಪ ಅದನ್ನ ವಾಪಸ್ ಕೊಡೋರು, 'ಸಮಾಧಾನ ಮಾಡಿ ತಾ' ಅಂತ." ಮದುವೆಯಾಗಿ ಬಂದ ಮೇಲೆ, ಗಂಡ ಎಸೆಯಲು ಇಟ್ಟಿದ್ದ ಮೀಟರಿನ ಸೊಟ್ಟ ಮುಳ್ಳನ್ನು ಸುಮ್ಮನೆ ಕೈಗೆತ್ತಿಕೊಂಡರು. ಅಲ್ಲಿಂದ ಶುರು.

ಅವರ ಸಾಮಾನೂ ಊರಿನದೇ. ಅರಗಿನ ತುಣುಕನ್ನು ಬಿಸಿ ಮಾಡಿ ಮರದ ಕಡ್ಡಿಯ ತುದಿಗೆ ಮೆತ್ತುತ್ತಾರೆ. ಮುಳ್ಳು ಅದರಲ್ಲಿ ಕಚ್ಚಿಕೊಂಡು ಅಲುಗದೆ ನಿಲ್ಲುತ್ತದೆ. ಅಂಕಿಗಳ ಧೂಳು ತೆಗೆಯಲು ರೇಷ್ಮೆಗೂಡಿನ ಮೇಲಿನ ಸಡಿಲ ಎಳೆ. ಬಟ್ಟೆ ತಾಕಿದರೆ ಅಂಕಿಯೇ ಅಳಿಸಿಹೋಗುತ್ತದಂತೆ. ಬಗ್ಗಿದ ಮುಳ್ಳನ್ನು ಅವರು ಒತ್ತುವುದಿಲ್ಲ. ಉಗುರಿನಿಂದ ಸವರುತ್ತಾರೆ, ಕಿವಿ ಹಿಂಡಿಸಿಕೊಂಡ ಮಗುವನ್ನು ಸವರುವಂತೆ. ಸವರುತ್ತ ಸವರುತ್ತ ಅದು ನೆಟ್ಟಗಾಗುವುದನ್ನು ನೋಡುವವರು ತಾವೇ ಉಸಿರು ಬಿಡಲು ಮರೆಯುತ್ತಾರೆ.

ಮೀಟರು ಬಿಚ್ಚುವ ಮೊದಲು ಅಕ್ಬರಿ ಒಂದು ಪ್ರಶ್ನೆ ಕೇಳುತ್ತಾರೆ: "ಬೀಳಕ್ಕೆ ಮುಂಚೆ ಇದರ ಚಾಳಿ ಏನು?" ಬೈರಮಂಗಲದ ದೇವರಾಜನ ಗಾಡಿಯ ಮುಳ್ಳು ನಲವತ್ತರಲ್ಲಿ ನಡುಗುತ್ತಿತ್ತು, ನಡುಗದಿದ್ದರೆ ಅದು ಬೇರೆಯವರ ಗಾಡಿ ಅನಿಸುತ್ತದೆ ಎಂದ. ನಡುಗುವಂತೆಯೇ ಕೊಟ್ಟರು.

ಮೊನ್ನೆ ಆ ಪ್ರಶ್ನೆ ಕೇಳಲಿಲ್ಲ. ಈ ಮೀಟರಿನ ಒಡತಿ ಐಶ್ವರ್ಯ, ರಾಮನಗರದಲ್ಲಿ ಕೆಲಸಕ್ಕೆ ಹೋಗುವ ಹುಡುಗಿ. ಗಾಡಿ ಗಂಡ ರುದ್ರಪ್ರಸಾದನದು. ಹೋದ ವರ್ಷ ಕಾಯಿಲೆಯಲ್ಲಿ ಅವನು ತೀರಿಕೊಂಡ. ಆಮೇಲೆ ಅವಳು ಗಾಡಿ ಕಲಿತಳು. ಕೆಂಗಲ್ ಹತ್ತಿರ ಮರಳಿನಲ್ಲಿ ಜಾರಿದಳು. "ನಾನು ಯಾವಾಗಲೂ ಹಿಂದೆ ಕೂರ್ತಿದ್ದೋಳು" ಎಂದು ಅವಳು ಹೇಳಿದ್ದು ಕೇಳಿ, ಇವಳಿಗೇನು ಗೊತ್ತಿರುತ್ತದೆ ಎಂದುಕೊಂಡರು ಅಕ್ಬರಿ. ಗಾಜು ಹೊಸದು ಹಾಕಿದರು, ಮುಳ್ಳು ನೆಟ್ಟಗೆ ಮಾಡಿದರು, ಅಚ್ಚಿಗೆ ಒಂದು ತೊಟ್ಟು ಎಣ್ಣೆ ಬಿಟ್ಟರು.

ನೆನ್ನೆ ಸಂಜೆ ಐಶ್ವರ್ಯ ಬಂದಳು. ಗಾಡಿಯೇರಿ, ಸ್ಟಾರ್ಟ್ ಮಾಡುವ ಮೊದಲು, ಮೀಟರಿನ ಗಾಜಿಗೆ ಉಗುರಿನಿಂದ ಟಕ್ ಟಕ್ ಅಂತ ಬಡಿದಳು. ಮುಳ್ಳು ಅಲುಗಲಿಲ್ಲ. ಅದು ಆಗಲೇ ಸರಿಯಾಗಿ ಸೊನ್ನೆಗೇ ಬಂದು ನಿಂತಿತ್ತು.

"ಚೆನ್ನಾಗಾಗಿದೆ ಅಮ್ಮ," ಎಂದಳು. ಮತ್ತೊಮ್ಮೆ ಬಡಿದಳು.

"ಅದ್ಯಾಕವ್ವ ಹಂಗೆ ಬಡಿಯೋದು?"

"ಅವರು ಹಾಗೆ ಮಾಡೋರು. ಯಾಕೆ ಅಂತ ಕೇಳಿರಲಿಲ್ಲ. ಬಡಿದರೆ ಮುಳ್ಳು ಕೆಳಗಿಳೀತಿತ್ತು. ಹೋಗಲಿ ಬಿಡಿ."

ಅಕ್ಬರಿ ಬಿಡಲಿಲ್ಲ. "ಗಾಡಿ ಇಲ್ಲೇ ಇರ್ಲಿ. ನಾಳೆ ಬಾ ನನ್ನವ್ವ. ಕೇಳ್ದೆ ಕೆಲ್ಸ ಮಾಡ್ಬುಟ್ಟೆ, ತಪ್ಪು ನಂದು."

ಈಗ ಕಿಟಕಿಯ ಬೆಳಕು ಡಯಲಿನ ಮೇಲೆ ಬಿದ್ದಿದೆ. ವರ್ಷಗಟ್ಟಲೆ ಬಿಸಿಲಿಗೆ ಕಪ್ಪು ಬಣ್ಣ ಮಾಸಿ ಕಂದಾಗಿದೆ. ಸೊನ್ನೆಗಿಂತ ಕೂದಲಷ್ಟು ಮೇಲೆ ಒಂದು ಗೆರೆ ಮಾತ್ರ ಇನ್ನೂ ಕಪ್ಪಗೇ ಇದೆ. ನಿಂತ ಗಾಡಿಯಲ್ಲಿ ಮುಳ್ಳು ಒರಗಿಕೊಳ್ಳುತ್ತಿದ್ದ ಜಾಗ ಅದು. ಅದರ ನೆರಳು ಆ ಬಣ್ಣವನ್ನು ಕಾಪಾಡಿದೆ. "ಮೊನ್ನೆಯೂ ಕಂಡಿತ್ತು. ಕೊಳೆ ಅನ್ಕಂಡೆ," ಎನ್ನುತ್ತಾರೆ ಅಕ್ಬರಿ. "ಅಲ್ಲೇ ಬರೆದಿತ್ತು ಚಾಳಿ. ಓದ್ಲಿಲ್ಲ ನಾನು."

ಕಷ್ಟವಿರುವುದು ಈಗ. ಮುಳ್ಳಿನ ಕೆಳಗೆ ಕೂದಲಿಗಿಂತ ತೆಳುವಾದ ಸ್ಪ್ರಿಂಗಿದೆ. ಅದು ಸೊಟ್ಟಗಾದರೆ ಈ ಮಾಡೆಲಿಗೆ ಬೇರೆ ಸಿಗುವುದಿಲ್ಲ. ಹೊಸ ಮೀಟರು ಹಾಕಬೇಕು. ಆ ಗೆರೆಯೂ ಹೋಗುತ್ತದೆ, ರುದ್ರಪ್ರಸಾದ ಓಡಿಸಿದ ಕಿಲೋಮೀಟರುಗಳೂ ಹೋಗುತ್ತವೆ. ಮುಳ್ಳು ತಡೆಯಿಲ್ಲದೆ ಸೊನ್ನೆಗೆ ಜಾರುವಂತೆ ಮಾಡಿದ್ದು ತಾವೇ ಹಾಕಿದ ಎಣ್ಣೆ. ಅದನ್ನು ಅಕ್ಬರಿ ರೇಷ್ಮೆ ಎಳೆಯ ತುದಿಯಿಂದ ಹೀರಿಸುತ್ತಾರೆ. ಕಣ್ಣಲ್ಲಿ ನೀರು ತುಂಬುತ್ತದೆ. ಈಚೆಗೆ ದಿನವೂ ಹೀಗೆ, ದೃಷ್ಟಿ ಸೋಲುತ್ತಿದೆ. ತೋಳಿನಿಂದ ಒರೆಸಿಕೊಂಡು ಮತ್ತೆ ಬಗ್ಗುತ್ತಾರೆ. ಡ್ರಿಲ್ ಮೆಷಿನ್ನಿಗೆ ಕೇಬಲ್ ಸಿಕ್ಕಿಸಿ ಮೀಟರನ್ನು ಓಡಿಸುತ್ತಾರೆ, ನಿಲ್ಲಿಸುತ್ತಾರೆ. ಮುಳ್ಳು ಸೊನ್ನೆಗೇ ಬೀಳುತ್ತದೆ. ಮತ್ತೆ ಹೀರಿಸುತ್ತಾರೆ. ಮತ್ತೆ ಓಡಿಸುತ್ತಾರೆ. ಬಿಸಿಲು ಗೋಡೆಯಿಂದ ಇಳಿದು ಮೇಜಿಗೆ ಬರುವ ಹೊತ್ತಿಗೆ ಮುಳ್ಳು ಇಳಿಯುತ್ತ ಇಳಿಯುತ್ತ ಆ ಕಪ್ಪು ಗೆರೆಯ ಮೇಲೆ ನಿಂತುಬಿಡುತ್ತದೆ. ಬಾಗಿಲಲ್ಲಿ ನಿಂತ ಸಾಬೀರ್ ಈಗ ತಮಾಷೆ ಮಾಡುವುದಿಲ್ಲ. "ಯಾ ಅಲ್ಲಾ," ಎನ್ನುತ್ತಾರೆ, ಅಷ್ಟೇ.

ಐಶ್ವರ್ಯ ಬರುವಷ್ಟರಲ್ಲಿ ಮೀಟರು ಗಾಡಿಗೇರಿದೆ. ಅವಳು ಕೂರುತ್ತಾಳೆ. ಟಕ್ ಟಕ್.

ಮುಳ್ಳು ಸೊನ್ನೆಗೆ ಇಳಿಯುತ್ತದೆ.

ಅವಳು ಗಾಜಿನ ಮೇಲಿನ ಬೆರಳನ್ನು ಬಹಳ ಹೊತ್ತು ತೆಗೆಯುವುದಿಲ್ಲ. ಆಮೇಲೆ ಕೇಳುತ್ತಾಳೆ, "ನಿಮಗೇನು ಕೊಡಲಿ ಅಮ್ಮ?"

ಅಕ್ಬರಿ ಗಂಡನ ಕಡೆ ಓರೆಗಣ್ಣಲ್ಲಿ ನೋಡುತ್ತಾರೆ. "ಒಂದಾಸೆ ಐತೆ. ಇಷ್ಟು ಮುಳ್ಳು ನೆಟ್ಟಗೆ ಮಾಡಿವ್ನಿ, ರೋಡಲ್ಲಿ ಓಡೋದ್ನ ಒಂದೂ ನೋಡಿಲ್ಲ. ಇವರ ಹಿಂದೆ ಕೂತ್ರೆ ಬರೀ ಬೆನ್ನೇ ಕಾಣದು, ಗೋಡೆ ಕಂಡಂಗೆ."

"ನಾನು ಕುಳ್ಳಿ. ಭುಜದ ಮೇಲಿಂದ ಕಾಣುತ್ತೆ, ಹತ್ತಿ," ಎನ್ನುತ್ತಾಳೆ ಐಶ್ವರ್ಯ.

ಬುರ್ಖಾ ಸರಿಮಾಡಿಕೊಂಡು ಅಕ್ಬರಿ ಹಿಂದೆ ಕೂರುತ್ತಾರೆ. ಗಾಡಿ ಗಲ್ಲಿ ದಾಟಿ, ಕೆಂಗಲ್ ಕಡೆಗೆ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಮರಳಿ ಬಂದಾಗ ಅವರ ಮುಖಕ್ಕೆಲ್ಲ ಧೂಳು.

"ಎಂಗಿತ್ತು?" ಎನ್ನುತ್ತಾರೆ ಸಾಬೀರ್.

"ನಲವತ್ತರಗಂಟ ಹೋಯ್ತು," ಎನ್ನುತ್ತಾರೆ ಅಕ್ಬರಿ. "ಒಂದ್ಸಲಾನೂ ನಡುಗ್ಲಿಲ್ಲ."