ಐದು ಲಕ್ಷ ಅಕ್ಷರಗಳಲ್ಲಿ ಒಂದು

ಬೆಳಗಿನ ಆರು ಗಂಟೆ. ಸ್ಕಾರ್‌ಬೆಕ್ ಕಣಿವೆಯ ಮಂಜು ಇನ್ನೂ ಎದ್ದಿಲ್ಲ; ಗುಡ್ಡಗಳು ಇವೆಯೋ ಇಲ್ಲವೋ ಎಂಬಂತಿವೆ. ಕಲ್ಲು ಕೆತ್ತುವ ಕೊಟ್ಟಿಗೆಯಲ್ಲಿ, ಪೂರ್ವದ ಕಿಟಕಿಗೆ ಒರಗಿಸಿದ ಸಮಾಧಿಕಲ್ಲೊಂದರ ಮುಂದೆ ಡೋರ್ಕಸ್ ರೇನ್ ಮೊಣಕಾಲೂರಿ ಕೂತಿದ್ದಾರೆ. ತೋರುಬೆರಳನ್ನು ನೀರಿನಲ್ಲಿ ಅದ್ದಿ, ಕೊನೆಯ ಸಾಲಿನ ಕೊನೆಯ ಅಕ್ಷರದಿಂದ ಹಿಂದಕ್ಕೆ ಓದುತ್ತಾ ಬರುತ್ತಾರೆ. ಬೆರಳು ತಾಗಿದಲ್ಲಿ ಹಸಿರು ಸ್ಲೇಟು ಕಲ್ಲು ಕೆರೆಯ ನೀರಿನಂತೆ ಕಪ್ಪಾಗಿ, ಒಂದು ಗಳಿಗೆಯಲ್ಲಿ ಮತ್ತೆ ಬಿಳಿಚಿಕೊಳ್ಳುತ್ತದೆ. ಸಾಲಿನ ನಡುವೆ ಒಂದು ಕಡೆ ಬೆರಳು ನಿಲ್ಲುತ್ತದೆ. ಅಲ್ಲೇ ನಿಲ್ಲುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು.

ಈ ಕಣಿವೆಯಲ್ಲಿ ಸತ್ತವರ ಕಲ್ಲು ನೋಡಿದವರೆಲ್ಲ ಗಾರ್ತ್ ಸೊವರ್‌ಬಿಯ ಉಳಿಯನ್ನು ಹೊಗಳುತ್ತಾರೆ. ಹೊಗಳಲಿ, ಕೈ ಅಂಥದೇ. ಆದರೆ ಆ ಉಳಿ ಕಲ್ಲಿಗೆ ತಾಗುವ ಮುಂಚೆ ಪ್ರತಿ ಬರಹವೂ ಡೋರ್ಕಸ್ ಅವರ ಕಣ್ಣಿನಡಿ ಹಾಯಬೇಕು ಎಂಬುದು ಪಾದ್ರಿಗೂ ಸರಿಯಾಗಿ ಗೊತ್ತಿಲ್ಲ. ವಾರಕ್ಕೆ ನಾಲ್ಕು ಕಲ್ಲು, ಕಲ್ಲಿಗೆ ನೂರರಷ್ಟು ಅಕ್ಷರ, ಇಪ್ಪತ್ತಾರು ವರ್ಷ. ಹೆಚ್ಚುಕಡಿಮೆ ಐದು ಲಕ್ಷ ಅಕ್ಷರಗಳನ್ನು ಅವರು ಹೀಗೆ ಹಿಂದುಮುಂದಾಗಿ ಓದಿದ್ದಾರೆ. ಮುಂದಕ್ಕೆ ಓದಿದರೆ ಮನಸ್ಸು ಅರ್ಥದ ಬೆನ್ನು ಹತ್ತಿ ಓಡುತ್ತದಂತೆ, ಕಣ್ಣು ಹಿಂದೆಯೇ ಉಳಿಯುತ್ತದಂತೆ.

ಅವರಿಗೀಗ ಅರವತ್ತೇಳು. ಅಪ್ಪ ಸ್ಲೇಟು ಗಣಿಯಲ್ಲಿ ದುಡಿದು ಎದೆ ಹಾಳುಮಾಡಿಕೊಂಡವರು. ಡೋರ್ಕಸ್ ಹದಿನೈದಕ್ಕೇ ಶಾಲೆ ಬಿಟ್ಟು ಬೇಕರಿಗೆ ಸೇರಿದರು. ಅದು ಮುಚ್ಚಿದ ಮೇಲೆ ಈ ಕೊಟ್ಟಿಗೆಗೆ ಕಸ ಗುಡಿಸಲು ಬಂದರು. ಬಂದ ಮೂರನೇ ವಾರ ಪೊರಕೆ ಹಿಡಿದೇ ಒಂದು ಕಲ್ಲಿನ ಮುಂದೆ ನಿಂತು, ಈ ಪುಣ್ಯಾತ್ಮ ಸತ್ತು ನಾಲ್ಕು ವರ್ಷದ ಮೇಲೆ ಹುಟ್ಟಿದ್ದಾನಲ್ಲ ಎಂದು ಮೆತ್ತಗೆ ಕೇಳಿದರು. ಆಗ ಕೊಟ್ಟಿಗೆ ನಡೆಸುತ್ತಿದ್ದ ಗಾರ್ತ್‌ನ ಅಪ್ಪ, ಬರಹ ಓದಲೆಂದು ಅಂದೇ ಅವರಿಗೆ ಒಂದು ಸ್ಟೂಲು ಹಾಕಿಸಿದ. ಈಗ ಮೊಣಕಾಲು ಮಾತು ಕೇಳುವುದಿಲ್ಲ, ಚಳಿಗಾಲದಲ್ಲಿ ಒದ್ದೆ ಬೆರಳು ಸೀಳುತ್ತದೆ. ಬೆರಳಿಗೆ ಕುರಿಯ ಕೊಬ್ಬು ಸವರಿಕೊಂಡು ಬರುತ್ತಾರೆ.

"ಕಾಗದದ ತಪ್ಪು ನಾಳೆ ಒಲೆಗೆ ಹೋಗುತ್ತೆ. ಕಲ್ಲಿನ ತಪ್ಪು ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ನಿಂತಿರುತ್ತೆ" ಎನ್ನುತ್ತಾರೆ.

ಕಾಗುಣಿತದ ತಪ್ಪಿಗೆ ಅವರು ಹೆದರುವುದಿಲ್ಲ. ಹೆದರುವುದು ಕಾಗುಣಿತ ಸರಿಯಿದ್ದೂ ಜಾಗ ತಪ್ಪಿ ಕೂತ ಪದಗಳಿಗೆ. ಇಂಗ್ಲಿಷಿನಲ್ಲಿ ಒಂದನ್ನೊಂದು ಹೋಲುವ ಅಂಥ ಜೋಡಿಪದಗಳು ಬೇಕಾದಷ್ಟಿವೆ. ಅವುಗಳಲ್ಲಿ ಅವರ ನಿದ್ದೆ ಕೆಡಿಸಿದ್ದು ಒಂದು ಜೋಡಿ. ವಾಂಡರ್ ಎಂದರೆ ಗೊತ್ತುಗುರಿಯಿಲ್ಲದೆ ಅಲೆಯುವುದು. ವಂಡರ್ ಎಂದರೆ ಬೆರಗಾಗುವುದು, ಇದು ಹೀಗೇಕೆ ಎಂದು ಒಳಗೊಳಗೇ ಕೇಳಿಕೊಳ್ಳುವುದು. ಕುರಿ ಅಲೆಯುತ್ತದೆ, ಹೊಳೆ ಅಲೆಯುತ್ತದೆ, ಪ್ರಾರ್ಥನೆಯ ನಡುವೆ ಮನಸ್ಸೂ ಅಲೆಯುತ್ತದೆ. ಇವಕ್ಕೆಲ್ಲ ಮೊದಲನೆಯ ಪದ ಸಲ್ಲುತ್ತದೆ. ಬೆರಗಾಗುವುದಕ್ಕೆ ಮಾತ್ರ ಒಬ್ಬರು ಸುಮ್ಮನೆ ನಿಂತು ನೋಡಬೇಕು. ಬರೆಯುವಾಗ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ: ವಾಂಡರ್‌ಗೆ ಎ, ವಂಡರ್‌ಗೆ ಓ. ಕಲ್ಲಿನ ದೊಡ್ಡಕ್ಷರದಲ್ಲಿ ನೋಡಿದರೆ ಮರೆಯುವ ಹಾಗೇ ಇಲ್ಲ ಎಂದು ಡೋರ್ಕಸ್ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಾರೆ. "ಎ ಅಕ್ಷರಕ್ಕೆ ಎರಡು ಕಾಲಿದೆ ನೋಡಿ, ಅದು ನಡೆಯುತ್ತೆ. ಓ ಅಕ್ಷರ ಬಾಯಿ ತೆರೆದು ನಿಂತುಬಿಟ್ಟಿದೆ."

ಇಷ್ಟು ತಿಳಿದವರೇ ಹನ್ನೊಂದು ವರ್ಷದ ಹಿಂದೆ ಎಡವಿದರು. ವಿಲ್ಫ್ ಬರ್ಕೆಟ್ ತೀರಿಕೊಂಡಾಗ ಹೆಂಡತಿ ಎಸ್ತರ್ ಒಂದು ಚೀಟಿ ಕಳಿಸಿದ್ದರು: ಈ ಗುಡ್ಡಗಳ ಕೆಳಗೆ ಅವನು ಬೆರಗಾದ. ಗುಡ್ಡದ ಸೀಮೆಯ ಗಂಡಸು, ಅಲೆದಿರಬೇಕು, ಪಾಪ ದುಃಖದಲ್ಲಿ ಅಕ್ಷರ ತಪ್ಪಿದ್ದಾರೆ ಎಂದುಕೊಂಡು ಡೋರ್ಕಸ್ ಕೂತಲ್ಲೇ ಪೆನ್ಸಿಲಿನಿಂದ ಓ ಅಕ್ಷರವನ್ನು ಎ ಎಂದು ತಿದ್ದಿದರು. ಕಲ್ಲು ನೆಟ್ಟ ಮೇಲೆ ಅಂಚೆಯವನೊಬ್ಬ ಮಾತಿಗೆ ಹೇಳಿದ: ವಿಲ್ಫ್ ರೈಲ್ವೆ ಗೇಟ್‌ಮನ್, ಮೂವತ್ತೆಂಟು ವರ್ಷ ಅದೇ ಗೇಟಿನ ಗೂಡಿನಲ್ಲಿ ಕೂತು ಗುಡ್ಡ ನೋಡಿದವನು, ಪಕ್ಕದ ಕಣಿವೆಗೂ ಕಾಲಿಟ್ಟವನಲ್ಲ. ಡೋರ್ಕಸ್‌ಗೆ ಅಂದು ಊಟ ಸೇರಲಿಲ್ಲ. ಕ್ಷಮೆ ಕೇಳಲೆಂದು ಮೂರು ಸಲ ಬರ್ಕೆಟ್ ಮನೆಯವರೆಗೂ ಹೋಗಿ, ಮೂರು ಸಲವೂ ಬೇಲಿಯ ಬಳಿಯಿಂದಲೇ ವಾಪಸಾದರು.

ಅಂದಿನಿಂದ ಅವರದೊಂದು ಪದ್ಧತಿ. ಬರಹದಲ್ಲಿ ಅನುಮಾನ ಬಂದರೆ ಪೆನ್ಸಿಲು ಮುಟ್ಟುವುದಿಲ್ಲ. ಕೋಟು ಹಾಕಿಕೊಂಡು ಆ ಮನೆಗೆ ನಡೆದುಹೋಗುತ್ತಾರೆ. ಪದದ ಮಾತೇ ಎತ್ತುವುದಿಲ್ಲ. ನೊಂದವರ ಬರಹಕ್ಕೆ ಬೆರಳಿಟ್ಟು ತೋರಿಸುವುದು ಅವರಿಗೆ ಆಗದು. ಚಹಾ ಕುಡಿಯುತ್ತಾ, ಶುಂಠಿ ಕೇಕು ಮುರಿಯುತ್ತಾ, ಹೋದವರು ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು, ಎಲ್ಲಿ ಕೂರುತ್ತಿದ್ದರು ಎಂದು ಕೇಳುತ್ತಾರೆ. ಪದ ತಾನಾಗಿ ಹೊರಬರುತ್ತದೆ. ಒಂದು ಸಾಲಿಗಾಗಿ ಮಳೆಯಲ್ಲಿ ಏಳು ಮೈಲಿ ನಡೆದದ್ದೂ ಉಂಟು. ಅವರು ಕೋಟಿಗೆ ಕೈಹಾಕಿದರೆ ಗಾರ್ತ್ ಉಳಿ ಕೆಳಗಿಟ್ಟು ಛೇಡಿಸುತ್ತಾನೆ: "ಏನ್ ಹುಡುಗಿ, ಸತ್ತೋರ ಮನೆ ಕೇಕು ರುಚಿ ಹತ್ತಿತಾ?"

ಈಗ ವಿಲ್ಫ್‌ನ ಕಲ್ಲು ಕೊಟ್ಟಿಗೆಗೆ ಮರಳಿ ಬಂದಿದೆ; ಬೆಳಿಗ್ಗೆ ಬೆರಳು ನಿಂತದ್ದು ಅದರ ಮೇಲೆಯೇ. ಗಂಡನ ಹೆಸರಿನ ಕೆಳಗೆ ಹೆಂಡತಿಗೆಂದು ಅರ್ಧ ಕಲ್ಲು ಖಾಲಿ ಬಿಡುವುದು ಇಲ್ಲಿಯ ರೂಢಿ. ಎಂಬತ್ತೆಂಟರ ಎಸ್ತರ್, ತನ್ನ ಸಾಲನ್ನು ತಾನೇ ಓದಿ ಹೋಗಬೇಕೆಂದು ಬದುಕಿರುವಾಗಲೇ ಕೆತ್ತಿಸಲು ಹೇಳಿದ್ದಾರೆ. ಇಂದು ಹತ್ತಕ್ಕೆ ಬರುತ್ತಾರೆ. ಇಡೀ ಮುಖವನ್ನು ಉಜ್ಜಿ ಹೊಸದಾಗಿ ಕೆತ್ತಬಹುದು, ಆದರೆ ತೆಳ್ಳಗಾದ ಕಲ್ಲು ಬಿರುಕುಬಿಟ್ಟರೆ ತಾನು ಹೊಣೆಯಲ್ಲ ಎಂದು ಗಾರ್ತ್ ಹೇಳಿಯಾಗಿದೆ. ಇಂದಾದರೂ ಬಾಯಿಬಿಟ್ಟು ಹೇಳದಿದ್ದರೆ ಮುಂದೆ ಕೇಳಿಸಿಕೊಳ್ಳಲು ಯಾರೂ ಇರುವುದಿಲ್ಲ ಎಂಬುದು ಡೋರ್ಕಸ್‌ಗೆ ಗೊತ್ತು.

ಹತ್ತಕ್ಕೆ ಐದು ನಿಮಿಷವಿರುವಾಗ ಎಸ್ತರ್ ಕೋಲೂರಿಕೊಂಡು ಬರುತ್ತಾರೆ. ಕುರ್ಚಿಯಲ್ಲಿ ಕೂರುವುದಕ್ಕೂ ಬಿಡದೆ ಡೋರ್ಕಸ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ: ಚೀಟಿ, ಪೆನ್ಸಿಲು, ಬೇಲಿಯಿಂದ ತಿರುಗಿದ ಮೂರು ಸಲ. ಕಲ್ಲು ಉಜ್ಜಿಸಿಕೊಡುತ್ತೇನೆ ಎನ್ನುತ್ತಾರೆ.

ಎಸ್ತರ್ ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ.

"ಕಲ್ಲು ನೆಟ್ಟ ದಿನವೇ ಕಂಡಿತ್ತು ನಂಗೆ. ಒಂದು ವರ್ಷ ನಿನ್ನ ಮುಖ ನೋಡೋಕೆ ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಪ್ರತಿ ಭಾನುವಾರ ಅಲ್ಲಿ ನಿಂತು ಕೇಳೋಕೆ ಶುರುಮಾಡ್ದೆ, ಈ ವಾರ ಎಲ್ಲಿಗೆ ಹೋಗಿದ್ದೆ ವಿಲ್ಫ್ ಅಂತ. ಹೋದ ವಾರ ನಾರ್ವೆಯಲ್ಲಿದ್ದ."

ಗಾರ್ತ್‌ನ ಸುತ್ತಿಗೆ ಸದ್ದು ನಿಂತಿದೆ.

"ಮೂವತ್ತೆಂಟು ವರ್ಷ ಬೇರೆಯವರ ರೈಲಿಗೆ ದಾರಿ ಬಿಟ್ಟ. ಈಗ ಅವನೂ ಒಂದಿಷ್ಟು ತಿರುಗಾಡ್ಲಿ ಬಿಡು. ಅವನಿಂದ ತೆಗೆದೆಯಲ್ಲ, ಆ ಪದಾನ ನನ್ನ ಹೆಸರಿನ ಕೆಳಗೆ ಹಾಕು. ಬೆರಗಾಗಿ ನಿಂತೋಳು ನಾನೇ."

ಡೋರ್ಕಸ್ ಕಿಟಕಿಯ ಬಳಿಯ ಕಲ್ಲಿನ ಕಡೆ ತಿರುಗುತ್ತಾರೆ. ಮಂಜು ಎದ್ದಿದೆ, ಗುಡ್ಡಗಳು ಯಾರೋ ಈಗಷ್ಟೇ ತಂದಿಟ್ಟಂತೆ ಕಾಣುತ್ತಿವೆ. ಸೀಮೆಸುಣ್ಣ ತೆಗೆದುಕೊಂಡು ಖಾಲಿ ಅರ್ಧದಲ್ಲಿ ಎಸ್ತರ್ ಹೆಸರು, ಹುಟ್ಟಿದ ವರ್ಷ, ಆ ಒಂದು ಸಾಲು ಬರೆಯುತ್ತಾರೆ. ಹಿಂದಿನಿಂದ ಒಮ್ಮೆ ಓದುತ್ತಾರೆ. ಕಣ್ಣು ತುಂಬಿದ್ದರಿಂದ ಇನ್ನೊಮ್ಮೆ ಓದುತ್ತಾರೆ. ಆಮೇಲೆ, ಹನ್ನೊಂದು ವರ್ಷದ ಹಿಂದೆ ಕೇಳಬೇಕಿದ್ದ ಮಾತನ್ನು ಕೇಳುತ್ತಾರೆ: "ಹೀಗೇ ತಾನೆ, ಮಿಸೆಸ್ ಬರ್ಕೆಟ್?"

ಎಸ್ತರ್ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು, ಓ ಎಂಬ ದುಂಡಗಿನ ಅಕ್ಷರ ಅಳಿಸದಂತೆ ಅದರ ಪಕ್ಕದಲ್ಲೇ ಕಲ್ಲನ್ನು ಒಮ್ಮೆ ಮುಟ್ಟಿ, ಹೀಗೇ ಎನ್ನುತ್ತಾರೆ.

ಎಸ್ತರ್ ಹೋದ ಮೇಲೆ, ನಿಮ್ಮ ಕಲ್ಲಿಗೆ ಏನು ಬರೆಸುತ್ತೀರಿ ಎಂದು ನಾನು ಕೇಳಿದರೆ ಡೋರ್ಕಸ್ ನಗುತ್ತಾರೆ. ಒದ್ದೆ ಬೆರಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ.

"ಹೆಸರೊಂದು ಸಾಕು. ಆದ್ರೆ ಕೆತ್ತೋ ಮುಂಚೆ ಯಾರಾದ್ರೂ ನಮ್ಮನೆವರೆಗೂ ನಡ್ಕೊಂಡು ಹೋಗಿ ಒಂದು ಮಾತು ಕೇಳ್ಲಿ. ಕೇಕು ಮಾಡಿಡೋಕೆ ತಂಗಿಗೆ ಹೇಳಿದೀನಿ."