ಇನ್ನಾಸಪ್ಪ ಮೇಷ್ಟ್ರ ನಾಲ್ಕು ಮನೆಗಳು

ಇನ್ನಾಸಪ್ಪ ಮೇಷ್ಟ್ರು ಯಾರ ಮನೆ ಬಾಗಿಲನ್ನೂ ಒಂದೇ ಜಾಗದಲ್ಲಿ ತಟ್ಟಿದವರಲ್ಲ. ಮೊದಲು ನಡುವೆ ಒಂದು ಸಲ, ಆಮೇಲೆ ಕೈ ಎತ್ತಿ ಮೇಲ್ಗಡೆ ಒಂದು ಸಲ, ಆಮೇಲೆ ಬಗ್ಗಿ ಚಿಲಕದ ಕೆಳಗೆ ಒಂದು ಸಲ. ಒಳಗಿನವರು "ಬಂದೆ, ಇರಿ" ಎಂದು ಗೊಣಗಿಕೊಂಡು ಬಾಗಿಲು ತೆಗೆದರೆ ಈ ಮನುಷ್ಯ ಹಲಗೆಗೆ ಕಿವಿ ಆನಿಸಿಕೊಂಡು ನಿಂತಿರುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಗೇ ಆಯಿತು. ಅಜ್ಜಿ ಬಾಗಿಲು ಎಳೆದ ರಭಸಕ್ಕೆ ನೇರ ಒಳಕ್ಕೇ ಮುಗ್ಗರಿಸಿದರು. ಸಾವರಿಸಿಕೊಂಡು ಕೈ ಮುಗಿದು, "ನಿಮ್ಮ ಬಾಗ್ಲು ಕೆಳಗಡೆ ಬಲು ಚೆನ್ನಾಗಿ ಮಾತಾಡ್ತದೆ ಅಮ್ಮಾವ್ರೆ. ಹಲಸಿನ ಮರವಾ?" ಎಂದು ಕೇಳಿದರು. ನನಗೆ ಜ್ವರ ಬಂದು ಎರಡು ಶುಕ್ರವಾರ ಸ್ಕೂಲಿಗೆ ಹೋಗಿರಲಿಲ್ಲ, ಅದನ್ನು ವಿಚಾರಿಸಲು ಬಂದಿದ್ದರಂತೆ. ಜ್ವರದ ಮಾತು ಎತ್ತಿದ್ದು ಬಾಗಿಲು, ಕಿಟಕಿ, ತೂಗುಯ್ಯಾಲೆಯ ಸರಪಳಿ ಎಲ್ಲವನ್ನೂ ತಟ್ಟಿ ನೋಡಿಯಾದ ಮೇಲೆ.

ಅದು ತೊಂಬತ್ತರ ದಶಕದ ನಡುಭಾಗ. ನಾನಾಗ ಅಶೋಕಪುರಂ ಹತ್ತಿರದ ಒಂದು ಪುಟ್ಟ ಶಾಲೆಯಲ್ಲಿ ಎರಡನೇ ಕ್ಲಾಸು. ಮೇಷ್ಟ್ರು ಆಯುಷ್ಯವಿಡೀ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ನಿವೃತ್ತರಾದವರು. ಬೆಳಗಿನ ಪೂಜೆಗೆ ಚರ್ಚಿಗೆ ಹೋಗಿ ಬಂದರೆ ಉಳಿದ ದಿನವೆಲ್ಲ ಖಾಲಿ, ಅದಕ್ಕೇ ನಮ್ಮ ಹೆಡ್ ಮಿಸ್ಸನ್ನು ಹೇಗೋ ಒಪ್ಪಿಸಿ ಶುಕ್ರವಾರ ಊಟಕ್ಕೆ ಮುಂಚಿನ ಪೀರಿಯಡ್ಡನ್ನು ಗಿಟ್ಟಿಸಿಕೊಂಡಿದ್ದರು. ಬರುವಾಗ ಸೈಕಲ್ ಕ್ಯಾರಿಯರ್‌ನಲ್ಲಿ ಸೈಡ್ ಡ್ರಮ್, ಹೆಗಲಿಗೆ ಪಿಟೀಲು, ಹ್ಯಾಂಡಲ್ಲಿನ ಎರಡೂ ಕಡೆ ಚೀಲದಲ್ಲಿ ಟ್ರಂಪೆಟ್ಟು, ಕ್ಲಾರಿನೆಟ್ಟು, ಕೊಳಲು. ಎಲ್ಲ ಹಳೆಯ ಸ್ನೇಹಿತರಿಂದ ಬೇಡಿ ತಂದದ್ದು. ಸೈಕಲ್ ಗೇಟಿನೊಳಗೆ ಬರುವುದು ಕಂಡರೆ ಸಾಕು, ನಾವು ಮೂವತ್ತೆರಡು ಮಕ್ಕಳು ಲೆಕ್ಕದ ಪುಸ್ತಕ ಮುಚ್ಚಿ ಬೆಂಚಿನ ಮೇಲೆ ಹತ್ತಿಬಿಡುತ್ತಿದ್ದೆವು. ಲೆಕ್ಕದ ಮಿಸ್ಸಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಪಾಪ.

ಮೇಷ್ಟ್ರಿಗೆ ಇದ್ದದ್ದು ಒಂದೇ ಪ್ರಶ್ನೆ. "ಯಾವುದು ನಡುಗ್ತದೆ, ನೋಡ್ಬುಡು ಕಂದ." ಪಿಟೀಲು ಉಜ್ಜಿ ತಂತಿಯ ಮೇಲೆ ನಮ್ಮ ಬೆರಳು ಇಡಿಸುತ್ತಿದ್ದರು, ಝುಂ ಎಂದು ಬೆರಳಿಗೆ ಕಚಗುಳಿಯಾಗುತ್ತಿತ್ತು. ಡ್ರಮ್ಮಿನ ಮೇಲೆ ಅಕ್ಕಿಕಾಳು ಚೆಲ್ಲಿ ಬಡಿಯುತ್ತಿದ್ದರು, ಅಕ್ಕಿ ಕುಣಿಯುತ್ತಿತ್ತು. ಕ್ಲಾರಿನೆಟ್ಟಿನ ಬಾಯಲ್ಲಿ ಜೊಂಡಿನ ತೆಳು ಪಟ್ಟಿ ನಡುಗುತ್ತದೆ ಎಂದು ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು ತೋರಿಸುತ್ತಿದ್ದರು, ಅದರ ಹೆಸರು ರೀಡು. ಟ್ರಂಪೆಟ್ಟಿನಲ್ಲಿ ನಡುಗುವುದು ಯಾವುದು ಎಂದು ತಿಂಗಳುಗಟ್ಟಲೆ ಗುಟ್ಟಾಗಿಟ್ಟಿದ್ದು ಕೊನೆಗೊಂದು ದಿನ ತಮ್ಮ ತುಟಿ ಬಿಗಿದು "ಪುರ್ರ್" ಎಂದರು. ನಮ್ಮ ತುಟಿಯೇ ನಡುಗುವುದು! ಆ ಸಂಜೆ ನಮ್ಮ ಬಡಾವಣೆಯಲ್ಲಿ ಪುರ್ರ್ ಎನ್ನದ ಮಗು ಇರಲಿಲ್ಲ. "ಏನೇ ಇದು, ಎಮ್ಮೆ ಉಸಿರು ಬಿಟ್ಟಂಗೆ" ಎಂದು ಅಜ್ಜಿ ಸೌಟು ತೋರಿಸಿ ಗದರಿದಳು.

ಜೋರು ಬೇರೆ, ಎತ್ತರ ಬೇರೆ ಎಂದು ಹೇಳಿಕೊಟ್ಟವರೂ ಅವರೇ. ಸೊಳ್ಳೆಯ ದನಿ ಎತ್ತರ, ಆದರೆ ಜೋರಿಲ್ಲ. ಲಾರಿಯ ದನಿ ಜೋರು, ಆದರೆ ತಗ್ಗು. ಅರ್ಧ ಕ್ಲಾಸು ಸೊಳ್ಳೆಯಾಗಿ, ಇನ್ನರ್ಧ ಲಾರಿಯಾಗಿ ಕಿರುಚಿದಾಗ ಹೆಡ್ ಮಿಸ್ ಬೆತ್ತ ಹಿಡಿದು ಓಡಿಬಂದರು. ಮೇಷ್ಟ್ರು ತಣ್ಣಗೆ ಆ ಬೆತ್ತವನ್ನೇ ಇಸಿದುಕೊಂಡು ಗಾಳಿಯಲ್ಲಿ ಬೀಸಿ, "ಕೇಳ್ರೋ, ಇದು ಎತ್ತರದ್ದು" ಎಂದರು. ಹೆಡ್ ಮಿಸ್ಸಿಗೂ ನಗು ಬಂದುಬಿಟ್ಟಿತು.

ನಮ್ಮ ಮನೆಯ ಅಡುಗೆಮನೆ ಕಿಟಕಿಯ ಮೇಲೆ ಒಂದು ಸ್ಟೀಲ್ ಲೋಟ ಸದಾ ಬೋರಲು ಬಿದ್ದಿರುತ್ತಿತ್ತು. ಅಂಚು ಸ್ವಲ್ಪ ನೆಗ್ಗಿದ ಲೋಟ. ನಮ್ಮದು ಮಠದ ನಡೆನುಡಿಯ ಮನೆ, ಅಜ್ಜಿ ಆ ವಿಷಯದಲ್ಲಿ ಮಹಾ ಕಟ್ಟುನಿಟ್ಟು. 'ಹೊರಗಿನವರು' ಬಂದರೆ ಕಾಫಿ, ನೀರು ಎಲ್ಲ ಅದರಲ್ಲೇ. ಯಾರೂ ಅದನ್ನು ನಮಗೆ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ, ನೋಡಿ ನೋಡಿ ಗೊತ್ತಾಗಿತ್ತು. ನನ್ನ ಜ್ವರ ವಿಚಾರಿಸಲು ಬಂದ ದಿನ ಮೇಷ್ಟ್ರಿಗೂ ಅದರಲ್ಲೇ ಕಾಫಿ ಬಂತು. ಅವರು ಕುಡಿದು ಮುಗಿಸಿ, ಉಗುರಿನಿಂದ ಲೋಟ ಟಿಣ್ ಎನ್ನಿಸಿ, "ಪಂಚಮ" ಎಂದು ಖುಷಿಪಟ್ಟರು. ಆಮೇಲೆ ತಾವೇ ಹಿತ್ತಲಿಗೆ ಹೋಗಿ ಲೋಟ ತೊಳೆದು ತಂದು ಕಿಟಕಿಯ ಮೇಲೆ ಬೋರಲು ಇಟ್ಟರು. ಎಲ್ಲಿಡಬೇಕೆಂದು ಅವರು ಯಾರನ್ನೂ ಕೇಳಲಿಲ್ಲ.

ಮುಂದಿನ ಶುಕ್ರವಾರಕ್ಕೆ ಎಲ್ಲರೂ ಮನೆಯಿಂದ ಒಂದೊಂದು ಲೋಟ ತರಬೇಕೆಂದು ಅಪ್ಪಣೆಯಾಯಿತು. ಒಳಗಿನ ಲೋಟ ಕೊಡಲು ಅಜ್ಜಿ ಒಪ್ಪುತ್ತಾಳೆಯೇ? ಸ್ಕೂಲಿನಲ್ಲಿ ಯಾರು ಯಾರು ಮುಟ್ಟುತ್ತಾರೋ ಎಂದು ಕಿಟಕಿಯ ಲೋಟವನ್ನೇ ಚೀಲಕ್ಕೆ ಹಾಕಿದಳು. ಮೇಷ್ಟ್ರು ಲೋಟಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೀರು ಸುರಿಯುತ್ತಾ ಹೋದರು. ನೀರು ಹೆಚ್ಚಾದಷ್ಟೂ ದನಿ ತಗ್ಗುತ್ತಿತ್ತು, ಚಮಚದಲ್ಲಿ ಬಡಿದು ಬಡಿದು ಸರಿಮಾಡುತ್ತಿದ್ದರು. ನನ್ನ ಲೋಟಕ್ಕೆ ಮಾತ್ರ ನೀರು ಹಾಕಲಿಲ್ಲ. "ಇದು ಹುಟ್ಟಾ ಪಂಚಮ ಕಣ್ರೋ, ಇದರ ತಂಟೆಗೆ ಹೋಗ್ಬೇಡಿ" ಎಂದು ಅದನ್ನು ಸಾಲಿನ ನಡುವೆ ಕೂರಿಸಿದರು. ಸ ರಿ ಗ ಮ ಪ ದ ನಿ! ನಾವು ನೀರು ಕುಡಿಯುವ ಲೋಟಗಳೇ ಹಾಡುತ್ತಿದ್ದವು. ನನಗೆ ಮೈಯೆಲ್ಲ ಜುಮ್ಮೆಂದಿತು, ಪಕ್ಕದಲ್ಲಿದ್ದ ಕಮಲಿಯ ಕೈ ಹಿಡಿದು ಎಷ್ಟು ಜೋರಾಗಿ ಅದುಮಿದೆನೆಂದರೆ ಅವಳು ಚೀರಿಬಿಟ್ಟಳು.

ಕಮಲಿ ಅಶೋಕಪುರಂನವಳು, ಅಜ್ಜಿಯ ಲೆಕ್ಕದಲ್ಲಿ 'ಹೊರಗಿನವಳು', ನನ್ನ ಜೀವದ ಗೆಳತಿ. ಅವಳ ಡಬ್ಬಿಯ ಹುಣಸೆ ಚಿತ್ರಾನ್ನ ನನಗೆ, ನನ್ನ ಡಬ್ಬಿಯ ರೊಟ್ಟಿ ಅವಳಿಗೆ. ಈ ವ್ಯವಹಾರ ಅಜ್ಜಿಗೆ ಗೊತ್ತಿರಲಿಲ್ಲ ಅಷ್ಟೆ.

ಲೋಟಗಳ ನಂತರದ ವಾರ ಮೇಷ್ಟ್ರು ವಾದ್ಯಗಳಿಗೆಲ್ಲ ಮನೆ ಕಟ್ಟಿದರು. ತಂತಿ ನಡುಗುವವು ತಂತಿ ಮನೆ. ರೀಡು, ಕೊಳಲಿನವು ಮರದ ಮನೆ. ತುಟಿ ನಡುಗಿಸುವವು ಹಿತ್ತಾಳೆ ಮನೆ. ಏಟು ತಿನ್ನುವವು ಬಡಿಯೋ ಮನೆ. ನಮ್ಮನ್ನೂ ಎಂಟೆಂಟು ಜನರಂತೆ ಸ್ಕೂಲಿನ ದೊಡ್ಡ ಹಾಲಿನ ನಾಲ್ಕು ಮೂಲೆಗೆ ಹಂಚಿದರು. ನಾನು ಹಿತ್ತಾಳೆ, ಕಮಲಿ ಬಡಿಯೋ ಮನೆ. ಮೊದಲು ಅಳು ಬಂತು. ಆಮೇಲೆ ಟ್ರಂಪೆಟ್ಟು ಬಂಗಾರದ ಹಾಗೆ ಹೊಳೆಯುವುದನ್ನು ನೋಡಿ ಜಂಬ ಬಂತು.

ಇನ್ನು ಮುಂದಿನದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆ. ಊಟದ ಗಂಟೆ ಹೊಡೆದಾಗ ಕಮಲಿ ಎಂದಿನಂತೆ ಡಬ್ಬಿ ಹಿಡಿದು ಬಂದಳು. ನಾನು, "ನೀನು ಬಡಿಯೋ ಮನೆಯವಳು, ನಮ್ಮ ಜೊತೆ ಕೂರಂಗಿಲ್ಲ. ನಿನ್ನ ಲೋಟಾನೂ ಬೇರೆ" ಎಂದೆ. ಯಾರೂ ಹೇಳಿಕೊಡಲಿಲ್ಲ, ನಾನಾಗಿಯೇ ಅಂದೆ. ಮನೆ ಎಂದ ಮೇಲೆ ಪಂಕ್ತಿ ಬೇರೆ, ಲೋಟ ಬೇರೆ, ಇಷ್ಟು ನನಗೆ ಏಳು ವರ್ಷಕ್ಕೇ ಬಾಯಿಪಾಠವಾಗಿತ್ತು. ಅವಳು ಡಬ್ಬಿ ಮುಚ್ಚಿಕೊಂಡು ನಲ್ಲಿಯ ಕಟ್ಟೆಗೆ ಹೋಗಿ ಒಬ್ಬಳೇ ಕೂತಳು. ಉಳಿದವರೂ ನನ್ನನ್ನು ನೋಡಿ ಕಲಿತರು. ಮುಂದಿನ ಶುಕ್ರವಾರದ ಹೊತ್ತಿಗೆ ಅಂಗಳದಲ್ಲಿ ನಾಲ್ಕು ಸುತ್ತು, ನಾಲ್ಕು ಊಟ. ಕಮಲಿ ನನ್ನ ಜೊತೆ ಮಾತು ಬಿಟ್ಟಿದ್ದಳು. ನನ್ನ ಡಬ್ಬಿಯ ರೊಟ್ಟಿ ಅರ್ಧ ಹಾಗೇ ಮನೆಗೆ ವಾಪಸು ಬರುತ್ತಿತ್ತು. ಆದರೂ ಬಿಗುಮಾನ ನೋಡಿ, ನಾನೇ ಹೋಗಿ ಮಾತಾಡಿಸಲು ಮನಸ್ಸಿಲ್ಲ.

ಆ ಶುಕ್ರವಾರ ಮೇಷ್ಟ್ರು ಸೈಕಲ್ಲಿಗೆ ಡ್ರಮ್ ಕಟ್ಟುತ್ತಾ ನಿಂತಿದ್ದವರು ಅಂಗಳ ನೋಡಿ ಹಗ್ಗ ಕೈಬಿಟ್ಟರು. ಸುತ್ತಿನಿಂದ ಸುತ್ತಿಗೆ ಬಂದು ಯಾಕೆ ಹೀಗೆ ಕೂತಿದ್ದೀರಿ ಎಂದು ಕೇಳಿದರು. ಹಿತ್ತಾಳೆಯವರು ಬಡಿಯೋರ ಜೊತೆ ಉಣ್ಣಲ್ಲ ಮೇಷ್ಟ್ರೆ ಎಂದು ಯಾರೋ ವಿವರಿಸಿದರು. ಅವರು ಬೈಯಲಿಲ್ಲ. ಮುಖ ಮಾತ್ರ ಬಾಡಿಹೋಯಿತು. ಸೈಕಲ್ ಹತ್ತದೆ ತಳ್ಳಿಕೊಂಡೇ ಗೇಟು ದಾಟಿದರು.

ಮುಂದಿನ ವಾರ ಒಂದು ಹೊಸ ಪೆಟ್ಟಿಗೆ ಬಂತು. ತೆಗೆದರೆ, ಅಬ್ಬಬ್ಬಾ, ನಮ್ಮ ಅರ್ಧದಷ್ಟು ಎತ್ತರದ, ಸೊಂಡಿಲು ಮಡಚಿದ ಆನೆಯಂಥ ಹಳದಿ ವಾದ್ಯ. ಸ್ಯಾಕ್ಸೋಫೋನು ಎಂದರು. ಇದು ಯಾವ ಮನೆಯದು, ಹೇಳಿ. ನಾವು ಹಿತ್ತಾಳೆಯವರು ಎದ್ದು ನಿಂತು ನಮ್ಮದು ನಮ್ಮದು ಎಂದು ಕುಣಿದೆವು. ಮೈಯೆಲ್ಲ ಹಿತ್ತಾಳೆ, ಕಣ್ಣಿಗೇ ಕಾಣುತ್ತಿದೆಯಲ್ಲ! ಹಾಗಾದರೆ ಬಾ, ನಡುಗಿಸು ಎಂದು ನನ್ನನ್ನೇ ಕರೆದರು. ನಾನು ತುಟಿ ಬಿಗಿದು ಪುರ್ರ್ ಎಂದೆ. ಉಗುಳು ಬಂತು, ಸದ್ದು ಬರಲಿಲ್ಲ. ಮತ್ತೆ ಊದಿದೆ, ಕೆನ್ನೆ ನೋವು ಬಂತು, ಅಷ್ಟೆ. ಮೇಷ್ಟ್ರು ಅದನ್ನು ಒರೆಸಿ ತಮ್ಮ ಬಾಯಿಗಿಟ್ಟುಕೊಂಡರು. ಹಾಲಿನ ಕಿಟಕಿಗಳೆಲ್ಲ ಗುಂಯ್ ಎಂದವು. ನಿಲ್ಲಿಸಿ, ಬಾಯಿತುದಿಯನ್ನು ತಿರುಗಿಸಿ ತೋರಿಸಿದರು. ಅಲ್ಲಿ ರೀಡು ಇತ್ತು.

ಮರದ ಮನೆಯವರು ಹೋ ಎಂದು ಎದ್ದರು. ನಾವು ಬಿಡಲಿಲ್ಲ. ಮೈ ನಮ್ಮದು, ಬಾಯಿ ನಿಮ್ಮದು ಎಂದು ಜಗಳ ಹತ್ತಿತು. ಮೇಷ್ಟ್ರು ಊದದೆ ಬರೀ ಅದರ ಕೀಲಿಗಳನ್ನು ಒತ್ತಿದರು, ಟಪ ಟಪ ಎಂದು ತೂತುಗಳು ಮುಚ್ಚಿಕೊಂಡವು. "ಇದೇನು, ಯಾರ ಸದ್ದು?" ಎಂದರು. ಬಡಿಯೋ ಮನೆಯ ಮೂಲೆಯಿಂದ ಕಮಲಿ, ಎಷ್ಟೋ ದಿನಗಳ ನಂತರ ಬಾಯಿ ತೆರೆದು, "ನಮ್ದು" ಎಂದಳು.

ಮೇಷ್ಟ್ರು ಅವಳನ್ನು ಕರೆದು ಡ್ರಮ್ಮಿನ ಹಿಂದೆ ನಿಲ್ಲಿಸಿದರು. ಮೊದಲು ಅವಳಿಲ್ಲದೆ ಒಂದು ಕವಾಯತಿನ ಮಟ್ಟು ಊದಿ ನಮ್ಮನ್ನು ನಡೆಯಲು ಹೇಳಿದರು. ಒಬ್ಬರ ಕಾಲು ಒಬ್ಬರು ತುಳಿದು ಎದ್ದು ಬಿದ್ದೆವು. ಆಮೇಲೆ ಕಮಲಿ ಬಡಿಯತೊಡಗಿದಳು. ಅದೇನು ಕೈ ಆ ಹುಡುಗಿಯದು! ಮೂವತ್ತೊಂದು ಜೊತೆ ಕಾಲು ಒಂದೇ ಸಲ ಎದ್ದವು, ಒಂದೇ ಸಲ ಬಿದ್ದವು. ನೆಲವೇ ನಡುಗುತ್ತಿತ್ತು. ಹಾಲಿನ ಸುತ್ತ ಮೂರು ಸುತ್ತು ಹಾಕಿ, ಬೆವೆತು, ಏದುಸಿರು ಬಿಡುತ್ತಾ ನಿಂತಾಗ ಯಾರು ಯಾವ ಮೂಲೆಯವರೋ ಯಾರಿಗೂ ನೆನಪಿರಲಿಲ್ಲ.

ಮೇಷ್ಟ್ರು ನೆಲದ ಮೇಲೇ ಕೂತರು. "ಮನೆ ಅಂದದ್ದು ಯಾವುದು ಎಂಗೆ ನಡುಗ್ತದೆ ಅಂತ ಗುರುತಿಗೆ ಕಣ್ರವ್ವ. ಯಾರ ಜೊತೆ ಯಾರು ಉಣ್ಬೇಕು ಅಂತ ಅಲ್ಲ. ನಾನು ಅದನ್ನ ಮೊದ್ಲೇ ಹೇಳ್ಬೇಕಿತ್ತು. ತಪ್ಪು ನಂದು." ಅಷ್ಟು ದೊಡ್ಡವರು ನಮ್ಮಂಥ ಪಿಳ್ಳೆಗಳ ಎದುರು ತಪ್ಪು ನಂದು ಎಂದದ್ದು ನನಗೆ ತಡೆಯಲಾಗಲಿಲ್ಲ. ತಪ್ಪು ಯಾರದು ಎಂದು ನನಗೆ ಗೊತ್ತಿತ್ತಲ್ಲ.

ಊಟದ ಗಂಟೆ ಹೊಡೆಯಿತು. ಪ್ರತಿ ಶುಕ್ರವಾರವೂ ತರುತ್ತಿದ್ದ ಆ ಕಿಟಕಿಯ ಲೋಟವನ್ನು ಮೇಜಿನ ಮೇಲಿಂದ ತೆಗೆದುಕೊಂಡು ನಲ್ಲಿಯಲ್ಲಿ ನೀರು ಹಿಡಿದು ಕಮಲಿಯ ಮುಂದೆ ನಿಂತೆ. ಅವಳು ನನ್ನನ್ನೂ ಲೋಟವನ್ನೂ ನೋಡಿದಳು. ಎತ್ತಿ ಕುಡಿಯಲಿಲ್ಲ, ಬೇಕೆಂದೇ ಅಂಚು ಕಚ್ಚಿ ಕುಡಿದಳು. ಅರ್ಧ ಕುಡಿದು, "ಈಗ ನೀನು" ಎಂದು ಕೊಟ್ಟಳು. ನಾನೂ ಕಚ್ಚಿಯೇ ಕುಡಿದೆ. ಆಮೇಲೆ ಅವಳು ಡಬ್ಬಿ ತೆಗೆದಳು, ಚಿತ್ರಾನ್ನ ಇತ್ತು.

ಆ ಲೋಟವನ್ನು ನಾನು ಮನೆಗೆ ಒಯ್ಯಲಿಲ್ಲ, ನಿಮ್ಮ ಹತ್ತಿರವೇ ಇರಲಿ ಎಂದು ಮೇಷ್ಟ್ರಿಗೆ ಕೊಟ್ಟುಬಿಟ್ಟೆ. ಅಜ್ಜಿ ನಾಲ್ಕು ದಿನ ಕೇಳಿ, ಐದನೇ ದಿನ ಬೇರೊಂದು ಲೋಟವನ್ನು ಕಿಟಕಿಯ ಮೇಲೆ ಇಟ್ಟಳು. ನಾನು ಹತ್ತನೇ ಕ್ಲಾಸಿಗೆ ಬಂದ ಮೇಲೆ ಅದನ್ನೂ ತೆಗೆದು ಸ್ಟ್ಯಾಂಡಿನ ಉಳಿದ ಲೋಟಗಳ ಜೊತೆ ಬೆರೆಸಿದೆ. ಅಜ್ಜಿ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಉಂಡಳು.

ಕಾಲೇಜಿಗೆ ಸೇರಿದ ವರ್ಷ ಕಮಲಿಯ ಮೊಪೆಡ್ ಹತ್ತಿ ಇಬ್ಬರೂ ಕುಂಬಾರಕೊಪ್ಪಲಿನಲ್ಲಿದ್ದ ಮೇಷ್ಟ್ರ ಮನೆಗೆ ಹೋದೆವು. ಸೊರಗಿದ್ದರು. ಕೈ ವಿಪರೀತ ನಡುಗುತ್ತಿತ್ತು, ಕ್ಲಾರಿನೆಟ್ ಪೆಟ್ಟಿಗೆ ಬೀರುವಿನ ಮೇಲೆ ಹೋಗಿತ್ತು. ನಮ್ಮನ್ನು ಕಂಡದ್ದೇ ಹುರುಪು ಬಂದು ಮಗಳನ್ನು ಪಕ್ಕಕ್ಕೆ ಸರಿಸಿ, ತಾವೇ ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋದರು. ತಟ್ಟೆಯ ಮೇಲೆ ಎರಡು ಲೋಟ ಟಿಣಿಟಿಣಿ ಎನ್ನುತ್ತಾ ಬಂದವು. ನನಗೆ ಕೊಟ್ಟದ್ದರ ಅಂಚು ನೆಗ್ಗಿತ್ತು.

"ಕೇಳಿಸ್ತಾ? ಈಗ ನಾನೇ ನಡುಗ್ತಾ ಇದೀನಿ ಕಣವ್ವ" ಎಂದು ಮೇಷ್ಟ್ರು ನಕ್ಕರು. "ನನ್ನ ಯಾವ ಮನೆಗೆ ಸೇರಿಸ್ತೀರ?"

"ನಮ್ಮನೆಗೆ ಬನ್ನಿ ಮೇಷ್ಟ್ರೆ" ಎಂದೆ. "ಈಗ ಕಿಟಕಿ ಮೇಲೆ ಲೋಟ ಇಲ್ಲ."

ಅವರು ನನ್ನ ಲೋಟವನ್ನು ಉಗುರಿನಿಂದ ಒಮ್ಮೆ ಟಿಣ್ ಎನ್ನಿಸಿದರು. ಆಮೇಲೆ, "ಬತ್ತೀನಿ. ಆ ಬಾಗ್ಲು ಇನ್ನೂ ಅಂಗೇ ಮಾತಾಡ್ತದಾ, ನೋಡ್ಬೇಕು" ಎಂದರು. ಬರಲಿಲ್ಲ. ದಸರೆಗೆ ಮುಂಚೆಯೇ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ದಿನ ಅವರ ಮಗಳು ಒಂದು ಕಾಗದದ ಪೊಟ್ಟಣ ನನ್ನ ಕೈಗಿಟ್ಟಳು, ಒಳಗೆ ಲೋಟ ಇತ್ತು.

ನಮ್ಮ ಮನೆಗೆ ಈಗ ಕಾಲಿಂಗ್ ಬೆಲ್ ಇದೆ. ಕಮಲಿ ಬಂದರೆ ಅದನ್ನು ಒತ್ತುವುದಿಲ್ಲ. ನಡುವೆ ಒಂದು ಸಲ, ಮೇಲ್ಗಡೆ ಒಂದು ಸಲ, ಬಗ್ಗಿ ಚಿಲಕದ ಕೆಳಗೆ ಒಂದು ಸಲ ತಟ್ಟುತ್ತಾಳೆ. ನಾನು ಬೇಕೆಂದೇ ಮೂರೂ ಕೇಳಿಸಿಕೊಂಡು, ಆಮೇಲೆ ಬಾಗಿಲು ತೆಗೆಯುತ್ತೇನೆ.